‘ದಡ್ಡ’ ಎನ್ನುವ ಮುನ್ನ: ಅರಿವಿನ ವಿಜ್ಞಾನದ ಓದು ಮತ್ತು ಅದರ ದಾರಿಗಳು



ನಿಮಗೆಲ್ಲ ಪರಿಚಯವಿರುವ ಒಬ್ಬ ಹುಡುಗನಿಂದ ಈ ಮಾತನ್ನು ಆರಂಭಿಸೋಣ. ಇಂಥವನು ಪ್ರತಿ ಶಾಲೆಯಲ್ಲೂ ಒಬ್ಬನಾದರೂ ಇರುತ್ತಾನೆ. ಆಟದಲ್ಲಿ ಚುರುಕು. ಅಂಗಡಿಗೆ ಕಳಿಸಿದರೆ ಚಿಲ್ಲರೆಯ ಲೆಕ್ಕ ತಪ್ಪುವುದಿಲ್ಲ. ಒಮ್ಮೆ ಕೇಳಿದ ಕಥೆಯನ್ನು ಮರುದಿನ ಸೊಗಸಾಗಿ ಹೇಳಬಲ್ಲ. ಆದರೆ ಪುಸ್ತಕ ಕೈಗೆ ಕೊಟ್ಟು ‘ಓದು’ ಎಂದರೆ ಮಾತ್ರ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಾನೆ. ಸಹಪಾಠಿಗಳು ನಗುತ್ತಾರೆ. ಬೇಸತ್ತ ಮೇಷ್ಟರು ‘ದಡ್ಡ, ಕೂತ್ಕೋ’ ಎಂದುಬಿಡುತ್ತಾರೆ. ಆ ಒಂದು ಮಾತು ಅವನ ಬೆನ್ನಹಿಂದೆ ವರ್ಷಗಟ್ಟಲೆ ನಡೆದುಬರುತ್ತದೆ.

‘ದಡ್ಡ’ ಎಂಬುದು ಒಂದು ತೀರ್ಪು. ತೀರ್ಪು ಕೊಟ್ಟ ಮೇಲೆ ವಿಚಾರಣೆ ಮುಗಿಯಿತು. ಆದರೆ ತೀರ್ಪಿನ ಬದಲು ಪ್ರಶ್ನೆ ಕೇಳಿದರೆ? ಆ ಹುಡುಗನಿಗೆ ತೊಡಕಾಗುತ್ತಿರುವುದು ಎಲ್ಲಿ? ಅಕ್ಷರದ ಆಕಾರವನ್ನು ಗುರುತಿಸುವಲ್ಲಿಯೇ? ಗುರುತಿಸಿದ ಆಕಾರವನ್ನು ಧ್ವನಿಗೆ ಹೊಂದಿಸುವಲ್ಲಿಯೇ? ಮೊದಲ ಅಕ್ಷರವನ್ನು ನೆನಪಿನಲ್ಲಿ ಹಿಡಿದುಕೊಂಡು ಕೊನೆಯ ಅಕ್ಷರ ಮುಟ್ಟುವಲ್ಲಿಯೇ? ಅಥವಾ ಎಲ್ಲವನ್ನೂ ಕೂಡಿಸಿ ಅರ್ಥ ಹಿಡಿಯುವಲ್ಲಿಯೇ?

ಹೀಗೆ ಮನಸ್ಸಿನ ಒಂದು ಕೆಲಸವನ್ನು ಗಡಿಯಾರದ ಯಂತ್ರದಂತೆ ಬಿಚ್ಚಿ, ಬಿಡಿಬಿಡಿಯಾಗಿ ನೋಡಿ, ಪ್ರತಿ ಭಾಗವನ್ನೂ ಪ್ರಯೋಗದಿಂದ ಪರೀಕ್ಷಿಸುವ ಶಾಸ್ತ್ರವೇ ಅರಿವಿನ ವಿಜ್ಞಾನ. ಇಂಗ್ಲಿಷಿನಲ್ಲಿ ಇದಕ್ಕೆ ‘ಕಾಗ್ನಿಟಿವ್ ಸೈನ್ಸ್’ ಎಂದು ಹೆಸರು. ಇಲ್ಲಿ ‘ಅರಿವು’ ಎಂದರೆ ಆಧ್ಯಾತ್ಮದಲ್ಲಿ ಹೇಳುವ ಅರಿವಲ್ಲ. ನೋಡುವುದು, ಕೇಳುವುದು, ಗಮನಿಸುವುದು, ನೆನಪಿಡುವುದು, ಮಾತಾಡುವುದು, ಯೋಚಿಸುವುದು, ನಿರ್ಧರಿಸುವುದು ಮುಂತಾಗಿ ದಿನವೂ ನಾವು ಲೆಕ್ಕವಿಲ್ಲದಷ್ಟು ಸಲ ಮಾಡುವ ಕೆಲಸಗಳೇ ಇದರ ವಸ್ತು.

ಒಂದು ಪ್ರಶ್ನೆ, ಆರು ಶಾಸ್ತ್ರಗಳು

‘ಹಾಗಾದರೆ ಇದು ಮನಶ್ಶಾಸ್ತ್ರವೇ ಅಲ್ಲವೇ?’ ಎಂದು ನೀವು ಕೇಳಬಹುದು. ಮನಶ್ಶಾಸ್ತ್ರ ಇದರ ಒಂದು ಭಾಗ ಮಾತ್ರ. ಉದಾಹರಣೆಗೆ, ನೀವು ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಬಸ್ಸುಗಳ ಹಾರನ್ನು, ಕಂಡಕ್ಟರುಗಳ ಕೂಗು, ಜನರ ಗದ್ದಲ. ಅದರ ನಡುವೆ ಎಲ್ಲೋ ದೂರದಲ್ಲಿ ಯಾರೋ ನಿಮ್ಮ ಹೆಸರು ಕರೆದರು. ತಟ್ಟನೆ ತಿರುಗಿದಿರಿ. ಇದು ಹೇಗೆ ಸಾಧ್ಯವಾಯಿತು?

ಅಷ್ಟು ಸದ್ದಿನಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳುವ ‘ಗಮನ’ ಹೇಗೆ ಕೆಲಸ ಮಾಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಕೇಳುತ್ತಾನೆ. ಆಗ ಮಿದುಳಿನ ಯಾವ ಭಾಗಗಳು ಚುರುಕಾದವು ಎಂದು ನರವಿಜ್ಞಾನಿ ಕೇಳುತ್ತಾನೆ. ಎಡೆಬಿಡದೆ ಹರಿದುಬರುವ ಧ್ವನಿಯಲ್ಲಿ ಪದಗಳ ಗಡಿ ಗೊತ್ತಾಗುವುದು ಹೇಗೆ ಎಂಬುದು ಭಾಷಾವಿಜ್ಞಾನಿಯ ಪ್ರಶ್ನೆ. ಇದೇ ಕೆಲಸವನ್ನು ಯಂತ್ರದಿಂದ ಮಾಡಿಸಬಹುದೇ ಎಂಬುದು ಗಣಕ ವಿಜ್ಞಾನಿಯ ಪ್ರಶ್ನೆ. ಒಬ್ಬರನ್ನೊಬ್ಬರು ಕರೆಯುವ ರೀತಿ ಸಮಾಜದಿಂದ ಸಮಾಜಕ್ಕೆ ಬದಲಾದರೆ ಗಮನವೂ ಬದಲಾಗುತ್ತದೆಯೇ ಎಂದು ಮಾನವಶಾಸ್ತ್ರಜ್ಞ ವಿಚಾರಿಸುತ್ತಾನೆ. ‘ಕೇಳಿಸಿತು’ ಎಂದು ನಿಮಗೆ ತಿಳಿಯುವ ಮೊದಲೇ ಅದು ಕೇಳಿಸಿತ್ತೇ, ಹಾಗಾದರೆ ‘ಕೇಳುವುದು’ ಎಂದರೇನು ಎಂದು ತತ್ತ್ವಶಾಸ್ತ್ರಜ್ಞ ತಡೆದು ನಿಲ್ಲಿಸುತ್ತಾನೆ.

ಈ ಆರೂ ಶಾಸ್ತ್ರಗಳು ಒಂದೇ ಪ್ರಶ್ನೆಯ ಸುತ್ತ ಕುಳಿತಾಗ ಅರಿವಿನ ವಿಜ್ಞಾನವಾಗುತ್ತದೆ.

ನೆನಪಿನ ಒಂದು ಆಟ

ಈಗ ಒಂದು ಸಣ್ಣ ಪ್ರಯೋಗ. ಪಕ್ಕದಲ್ಲಿರುವವರಿಗೆ ಈ ಅಂಕಿಗಳನ್ನು ಒಂದೊಂದಾಗಿ, ಒಂದೇ ವೇಗದಲ್ಲಿ ಓದಿ ಹೇಳಿ: 1, 9, 4, 7, 1, 9, 5, 6, 1, 9, 7, 3. ಬಳಿಕ ಅದೇ ಕ್ರಮದಲ್ಲಿ ಹೇಳಲು ಕೇಳಿ. ಹೆಚ್ಚಿನವರು ನಡುವೆಯೇ ಎಡವುತ್ತಾರೆ. ಇನ್ನೊಬ್ಬರಿಗೆ ಇದನ್ನೇ ಹೀಗೆ ಹೇಳಿ: 1947, ದೇಶಕ್ಕೆ ಸ್ವಾತಂತ್ರ್ಯ, 1956, ರಾಜ್ಯಗಳ ಪುನರ್ವಿಂಗಡಣೆ, 1973, ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು. ಹನ್ನೆರಡು ಅಂಕಿಗಳೂ ಸಲೀಸಾಗಿ ಬರುತ್ತವೆ. ಅಂಕಿಗಳು ಬದಲಾಗಲಿಲ್ಲ. ಮನಸ್ಸು ಅವನ್ನು ಕಟ್ಟಿಕೊಂಡ ರೀತಿ ಮಾತ್ರ ಬದಲಾಯಿತು. ಹನ್ನೆರಡು ಬಿಡಿ ಕಡ್ಡಿಗಳು ಮೂರು ಕಟ್ಟುಗಳಾದವು.

ಈ ಸಂಗತಿಯನ್ನು ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಪ್ರಸಿದ್ಧ ಲೇಖನವೊಂದರಲ್ಲಿ ವಿವರಿಸಿದರು. ತಾತ್ಕಾಲಿಕ ನೆನಪಿನಲ್ಲಿ ಒಮ್ಮೆಗೆ ಸುಮಾರು ಏಳು ಕಟ್ಟುಗಳು ಹಿಡಿಯುತ್ತವೆ, ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದು ಅವರು ಸೂಚಿಸಿದರು. 2001ರಲ್ಲಿ ನೆಲ್ಸನ್ ಕೋವನ್ ಎಂಬುವರು ಈ ವಿಷಯವನ್ನು ಮರುಪರಿಶೀಲಿಸಿ, ಕಟ್ಟಿಕೊಳ್ಳಲು ಅವಕಾಶ ಕೊಡದಿದ್ದರೆ ಹಿಡಿಯುವುದು ಸುಮಾರು ನಾಲ್ಕೇ ಎಂದು ವಾದಿಸಿದರು. ವಿಜ್ಞಾನದಲ್ಲಿ ಹೆಸರಾಂತ ಸಂಖ್ಯೆಯೂ ಮರುಪರೀಕ್ಷೆಗೆ ಹೊರತಲ್ಲ.

ಮೊದಲು ಹೇಳಿದ ಹುಡುಗನನ್ನು ಇಲ್ಲಿ ನೆನೆಯಿರಿ. ಓದು ಬಲ್ಲವರಿಗೆ ‘ವಿದ್ಯಾರ್ಥಿ’ ಎಂಬುದು ಒಂದೇ ಕಟ್ಟು. ಅವನಿಗೆ ಅದು ಆರೇಳು ಬಿಡಿ ಗುರುತುಗಳು. ಕೊನೆಯ ಗುರುತು ಮುಟ್ಟುವಷ್ಟರಲ್ಲಿ ಮೊದಲನೆಯದು ಜಾರಿಹೋದರೆ ಅದು ದಡ್ಡತನವಲ್ಲ. ನೆನಪಿನ ಚೀಲ ತುಂಬಿದೆ, ಅಷ್ಟೆ.

ಹುಟ್ಟಿದ ಬಗೆ

1956 ಈ ವಿಜ್ಞಾನಕ್ಕೂ ಮುಖ್ಯವಾದ ವರ್ಷ. ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಒಂದು ವಿಚಾರಸಂಕಿರಣ ನಡೆಯಿತು. ಮಿಲ್ಲರ್ ನೆನಪಿನ ಬಗ್ಗೆ ಮಾತಾಡಿದರು. ಭಾಷೆಯ ರಚನೆಯ ಬಗ್ಗೆ ನೋಮ್ ಚಾಮ್‌ಸ್ಕಿ, ತರ್ಕದ ಪ್ರಮೇಯಗಳನ್ನು ಸಾಧಿಸುವ ಗಣಕ ಕಾರ್ಯಕ್ರಮದ ಬಗ್ಗೆ ಅಲೆನ್ ನ್ಯೂಯೆಲ್ ಮತ್ತು ಹರ್ಬರ್ಟ್ ಸೈಮನ್ ಮಾತಾಡಿದರು. ಬೇರೆಬೇರೆ ಊರುಗಳಿಂದ ಹೊರಟವರು ಒಂದೇ ಸಂತೆಯಲ್ಲಿ ಭೇಟಿಯಾದಂತೆ ಇತ್ತು ಅದು. ‘ಕಾಗ್ನಿಟಿವ್ ಸೈನ್ಸ್’ ಎಂಬ ಹೆಸರನ್ನು ಬ್ರಿಟನ್ನಿನ ಕ್ರಿಸ್ಟೊಫರ್ ಲಾಂಗೆಟ್-ಹಿಗಿನ್ಸ್ ಬಳಕೆಗೆ ತಂದದ್ದು 1973ರಲ್ಲಿ. ಅವರು ಮೂಲತಃ ರಸಾಯನ ವಿಜ್ಞಾನಿ. 1986ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿ ಮೊದಲ ಪ್ರತ್ಯೇಕ ವಿಭಾಗ ಆರಂಭವಾಯಿತು.

ಕಾಣದ ಮನಸ್ಸನ್ನು ಅಳೆಯುವುದು ಹೇಗೆ?

ಮನಸ್ಸು ಸೂಕ್ಷ್ಮದರ್ಶಕಕ್ಕೆ ಸಿಗುವ ವಸ್ತುವಲ್ಲ. ಆದ್ದರಿಂದ ಈ ವಿಜ್ಞಾನಿಗಳು ಅದರ ಹೆಜ್ಜೆಗುರುತುಗಳನ್ನು ಹುಡುಕುತ್ತಾರೆ. ಉತ್ತರಿಸಲು ಎಷ್ಟು ಸಮಯ ಹಿಡಿಯಿತು, ಯಾವ ಬಗೆಯ ತಪ್ಪಾಯಿತು, ಓದುವಾಗ ಕಣ್ಣು ಎಲ್ಲೆಲ್ಲಿ ನಿಂತಿತು, ಮಿದುಳಿನ ವಿದ್ಯುತ್ ಸಂಕೇತ ಹೇಗೆ ಬದಲಾಯಿತು ಎಂಬುದೆಲ್ಲ ಇವರಿಗೆ ಸಾಕ್ಷ್ಯ.

ಕೆಲವೊಮ್ಮೆ ಒಬ್ಬ ರೋಗಿಯೇ ದೊಡ್ಡ ಪಾಠ ಕಲಿಸುತ್ತಾನೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ತೀವ್ರವಾದ ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನ ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದುಹಾಕಲಾಯಿತು. ಆನಂತರ ಅವರಿಗೆ ಹೊಸದೇನೂ ನೆನಪಿನಲ್ಲಿ ಉಳಿಯದಂತಾಯಿತು. ಕೆನಡದ ಬ್ರೆಂಡಾ ಮಿಲ್ನರ್ ಅವರಿಗೆ ಒಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯುವುದು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು, ತಪ್ಪುಗಳು ಕಡಿಮೆಯಾದವು. ಆದರೆ ಈ ಕೆಲಸವನ್ನು ಹಿಂದೆ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ಹಾಗಾದರೆ ನೆನಪು ಎಂಬುದು ಒಂದೇ ಪೆಟ್ಟಿಗೆಯಲ್ಲ. ‘ಏನಾಯಿತು’ ಎಂಬ ನೆನಪು ಬೇರೆ, ಕೈಗೆ ಒಗ್ಗಿದ ಕಸುಬಿನ ನೆನಪು ಬೇರೆ. ಮೊಲೈಸನ್ 2008ರಲ್ಲಿ ತೀರಿಕೊಂಡರು. ಬದುಕಿದ್ದಷ್ಟು ಕಾಲವೂ ಅವರು ಈ ವಿಜ್ಞಾನಕ್ಕೆ ನೀಡಿದ ಸಹಕಾರ ದೊಡ್ಡದು.

ಪರೀಕ್ಷೆಗೆ ಓದುವ ನಿಮಗೆ ನೇರವಾಗಿ ಉಪಯೋಗವಾಗುವ ಇನ್ನೊಂದು ಪ್ರಯೋಗವಿದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟರು. ಒಂದು ರೀತಿಯಲ್ಲಿ ಅದನ್ನು ಎರಡು ಸಲ ಓದಬೇಕು. ಇನ್ನೊಂದು ರೀತಿಯಲ್ಲಿ ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಬೇಕು. ಐದು ನಿಮಿಷದ ನಂತರ ನೋಡಿದರೆ ಎರಡು ಸಲ ಓದಿದ್ದೇ ಮೇಲು. ಒಂದು ವಾರದ ನಂತರ ನೋಡಿದಾಗ ತಕ್ಕಡಿ ತಿರುಗಿತ್ತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇಕಡ 42, ಪುಸ್ತಕ ಮುಚ್ಚಿ ಬರೆದದ್ದರಲ್ಲಿ ಶೇಕಡ 56. ಮತ್ತೆ ಮತ್ತೆ ಓದಿದಾಗ ‘ಬಂತು’ ಎನಿಸುತ್ತದೆ. ಆ ಅನಿಸಿಕೆಯೇ ನಮ್ಮನ್ನು ಮೋಸಗೊಳಿಸುತ್ತದೆ.

ಕನ್ನಡವೇ ಪ್ರಯೋಗಶಾಲೆ

ಇವೆಲ್ಲ ಎಲ್ಲೋ ದೂರದ ದೇಶದ ವಿಷಯವೆಂದು ತಿಳಿಯಬೇಡಿ. ಈ ವಿಜ್ಞಾನದ ಅನೇಕ ಸಿದ್ಧಾಂತಗಳು ಇಂಗ್ಲಿಷ್ ಮಾತಾಡುವ, ಇಂಗ್ಲಿಷ್ ಓದುವ ಜನರ ಮೇಲೆ ನಡೆದ ಪ್ರಯೋಗಗಳಿಂದ ಹುಟ್ಟಿದವು. ಅವು ಎಲ್ಲರಿಗೂ ಸಲ್ಲುತ್ತವೆಯೇ ಎಂದು ತಿಳಿಯಲು ಬೇರೆ ಭಾಷೆಗಳ ಸಾಕ್ಷ್ಯ ಬೇಕೇಬೇಕು. ಅಲ್ಲಿ ಕನ್ನಡದ ಪಾತ್ರ ದೊಡ್ಡದು.

ಮೊದಲು ಓದಿನ ವಿಷಯ. ಇಂಗ್ಲಿಷಿನ ಮಗು 26 ಅಕ್ಷರ ಕಲಿತರೆ ಅಕ್ಷರಗಳ ಪಟ್ಟಿ ಮುಗಿಯಿತು. ನಮ್ಮ ಮಗು 49 ಅಕ್ಷರಗಳ ವರ್ಣಮಾಲೆ ಮುಗಿಸಿದರೆ ಕೆಲಸ ಆರಂಭವಾಯಿತಷ್ಟೆ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ ಕಾಗುಣಿತದಲ್ಲೇ 442 ರೂಪಗಳು. ಅದರ ಮೇಲೆ ಒತ್ತಕ್ಷರಗಳು. ‘ಸೂರ್ಯ’ ಎಂದು ಬರೆದು ನೋಡಿ: ಬಾಯಲ್ಲಿ ‘ರ್’ ಮೊದಲು ಬರುತ್ತದೆ, ಕಾಗದದ ಮೇಲೆ ಅರ್ಕಾವತ್ತು ‘ಯ’ದ ನಂತರ ಬರುತ್ತದೆ. ಕಣ್ಣು ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬರಬೇಕು.

ಕನ್ನಡ ಓದಲು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ಸ್ಪಷ್ಟಪಡಿಸಿತು. ಕನ್ನಡದ ಅಕ್ಷರಜ್ಞಾನ ಒಂದೆರಡು ವರ್ಷಗಳಲ್ಲಿ ಮುಗಿಯುವಂಥದಲ್ಲ. ನಾಲ್ಕನೆಯ ತರಗತಿಯಲ್ಲೂ ಅದು ಮುಂದುವರಿದಿರುತ್ತದೆ. ಬಿಡಿ ಧ್ವನಿಗಳನ್ನು ಬೇರ್ಪಡಿಸುವ ಅರಿವೂ ನಿಧಾನವಾಗಿ ಮೂಡುತ್ತದೆ. ‘ಸಮಯ’ದಿಂದ ‘ಸ’ ತೆಗೆದು ಹೇಳು ಎಂದರೆ ಮಗು ‘ಮಯ’ ಎನ್ನುತ್ತದೆ. ಆದರೆ ‘ಸ್’ ಎಂಬ ಧ್ವನಿಯನ್ನಷ್ಟೇ ತೆಗೆದು ‘ಅಮಯ’ ಎನ್ನುವುದು ಅದಕ್ಕೆ ಕಷ್ಟ. ಏಕೆಂದರೆ ನಮ್ಮ ಲಿಪಿಯ ಅಳತೆಗೋಲು ಬಿಡಿ ಧ್ವನಿಯಲ್ಲ, ಅಕ್ಷರ. ಹೀಗಿರುವಾಗ ಇಂಗ್ಲಿಷ್ ಮಕ್ಕಳಿಗಾಗಿ ತಯಾರಾದ ಅಳತೆಪಟ್ಟಿ ಹಿಡಿದು ‘ಈ ಮಗು ಹಿಂದುಳಿದಿದೆ’ ಎಂದರೆ, ಹಿಂದುಳಿದದ್ದು ಮಗುವೇ, ಅಳತೆಪಟ್ಟಿಯೇ? ತಡವರಿಸುವ ಆ ಹುಡುಗನಿಗೆ ಬೇಕಾಗಿರುವುದು ಇನ್ನಷ್ಟು ಅಭ್ಯಾಸವೇ ಅಥವಾ ನಿಜವಾಗಿಯೂ ವಿಶೇಷ ನೆರವೇ ಎಂದು ನಿರ್ಧರಿಸಲು ಕನ್ನಡಕ್ಕೇ ತಕ್ಕ ಅಳತೆಗಳು ಬೇಕು.

ಇನ್ನೊಂದು ಉದಾಹರಣೆ ಮಾತು ಕಲಿಯುವ ಮಕ್ಕಳದು. ನಮ್ಮಲ್ಲಿ ‘ಏರು’ ಎಂದರೆ ತಾನು ಏರುವುದು, ‘ಏರಿಸು’ ಎಂದರೆ ಇನ್ನೊಬ್ಬರು ಏರುವಂತೆ ಮಾಡುವುದು. ಈ ‘ಇಸು’ ನಂಬಬಹುದಾದ ಗುರುತು. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೈಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳಿಗೆ ವಾಕ್ಯಗಳನ್ನು ಹೇಳಿ, ಆಟದ ಗೊಂಬೆಗಳಿಂದ ಅದನ್ನು ಆಡಿ ತೋರಿಸಲು ಕೇಳಿದರು. ಮಕ್ಕಳು ‘ಇಸು’ ಗುರುತನ್ನು ಹಿಡಿದು ಹೋಗುತ್ತಾರೆಂದು ಯಾರಾದರೂ ಊಹಿಸಬಹುದಿತ್ತು. ಆದರೆ ಅವರು ಹಿಡಿದದ್ದು ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು. ಎರಡು ನಾಮಪದಗಳಿದ್ದರೆ ಒಂದು ಗೊಂಬೆ ಇನ್ನೊಂದರಿಂದ ಕೆಲಸ ಮಾಡಿಸುವಂತೆ ತೋರಿಸಿದರು. ಮಗು ಭಾಷೆಗೆ ಬರುವಾಗ ಬರಿಗೈಯಲ್ಲಿ ಬರುತ್ತದೆಯೇ, ಕೆಲವು ನಿರೀಕ್ಷೆಗಳನ್ನು ಹೊತ್ತುಕೊಂಡೇ ಬರುತ್ತದೆಯೇ ಎಂಬ ಜಗತ್ತಿನ ದೊಡ್ಡ ಚರ್ಚೆಯಲ್ಲಿ ನಮ್ಮ ಪುಟ್ಟ ಮಕ್ಕಳು ಹೀಗೆ ಸಾಕ್ಷಿ ನುಡಿದರು. ಈ ಚರ್ಚೆ ಇನ್ನೂ ಮುಗಿದಿಲ್ಲ.

ಎಲ್ಲಿ ಓದಬಹುದು?

ನಮ್ಮ ದೇಶದಲ್ಲಿ ಈ ವಿಷಯ ಮುಖ್ಯವಾಗಿ ಸ್ನಾತಕೋತ್ತರ ಮಟ್ಟದಲ್ಲಿ ದೊರೆಯುತ್ತದೆ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿ 2002ರಲ್ಲಿ ಕೇಂದ್ರವೊಂದು ಸ್ಥಾಪನೆಯಾಯಿತು. ಅಲ್ಲಿ ಹಾಗೂ ಗಾಂಧಿನಗರ ಮತ್ತು ದೆಹಲಿಯ ಐಐಟಿಗಳಲ್ಲಿ ಅರಿವಿನ ವಿಜ್ಞಾನದ ಎಂ.ಎಸ್ಸಿ. ಇದೆ. ಕಾನ್ಪುರದ ಐಐಟಿ, ಹೈದರಾಬಾದ್ ವಿಶ್ವವಿದ್ಯಾಲಯ ಮತ್ತು ಹೈದರಾಬಾದಿನ ಐಐಐಟಿಗಳಲ್ಲಿ ಸಂಶೋಧನೆ ನಡೆಯುತ್ತದೆ.

ಕರ್ನಾಟಕದಲ್ಲಿ ಇದರ ಅಂಗಗಳು ಬೇರೆಬೇರೆ ಮನೆಗಳಲ್ಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವಿದೆ. ತೆಲುಗು ಮತ್ತು ಮಲಯಾಳಂ ಓದುಗರ ಕಣ್ಣು ತಮ್ಮ ಲಿಪಿಯನ್ನು ನೋಡುವ ರೀತಿಯನ್ನು ಹೋಲಿಸಿದ ಒಂದು ಅಧ್ಯಯನವನ್ನು ಅಲ್ಲಿನವರು 2019ರಲ್ಲಿ ಪ್ರಕಟಿಸಿದರು. ನಿಮ್ಹಾನ್ಸ್‌ನಲ್ಲಿ ಚಿಕಿತ್ಸಾ ಮನಶ್ಶಾಸ್ತ್ರ ಮತ್ತು ನರಮನಶ್ಶಾಸ್ತ್ರ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಶ್ರವಣ, ಅದೇ ಊರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನದಲ್ಲಿ ಭಾಷೆಗಳ ಅಧ್ಯಯನ ನಡೆಯುತ್ತದೆ.

‘ನಾನು ಕಲಾ ವಿಭಾಗದವನು, ನನಗೆ ಸಾಧ್ಯವೇ?’ ಎಂದು ಹಿಂಜರಿಯಬೇಡಿ. ಮನಶ್ಶಾಸ್ತ್ರ, ಭಾಷಾವಿಜ್ಞಾನ, ತತ್ತ್ವಶಾಸ್ತ್ರ ಓದಿದವರೂ, ಎಂಜಿನಿಯರಿಂಗ್, ಜೀವವಿಜ್ಞಾನ ಓದಿದವರೂ ಇಲ್ಲಿಗೆ ಬರುತ್ತಾರೆ. ಪ್ರವೇಶದ ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಆದರೆ ಮೂರು ಸಾಮಗ್ರಿಗಳು ಎಲ್ಲೆಡೆಯೂ ಬೇಕು: ಸಂಖ್ಯಾಶಾಸ್ತ್ರದ ತಿಳಿವಳಿಕೆ, ಅಲ್ಪಸ್ವಲ್ಪ ಪ್ರೋಗ್ರಾಮಿಂಗ್, ಸ್ಪಷ್ಟವಾಗಿ ಬರೆಯುವ ಅಭ್ಯಾಸ.

ಓದಿದ ಮೇಲೆ ಏನು?

ಇಲ್ಲಿ ನೇರವಾಗಿ ಮಾತಾಡಬೇಕು. ವೈದ್ಯಕೀಯ ಪದವಿ ಮುಗಿಸಿದರೆ ವೈದ್ಯ ಎಂಬಂತೆ ಇಲ್ಲಿ ಒಂದೇ ಸಿದ್ಧ ಹುದ್ದೆ ಕಾದಿರುವುದಿಲ್ಲ. ಇದು ರೈಲುಹಳಿಯಲ್ಲ, ಕವಲುಗಳಿರುವ ಕಾಲುದಾರಿ. ಮನೆಯವರಿಗೆ ಇದನ್ನು ಮೊದಲೇ ವಿವರಿಸುವುದು ಒಳ್ಳೆಯದು.

ಒಂದು ಕವಲು ಸಂಶೋಧನೆ ಮತ್ತು ಅಧ್ಯಾಪನದ್ದು. ಇದಕ್ಕೆ ಪಿಎಚ್.ಡಿ. ಬೇಕು, ತಾಳ್ಮೆಯೂ ಬೇಕು.

ಎರಡನೆಯದು ಆರೋಗ್ಯ. ಪಾರ್ಶ್ವವಾಯು ಅಥವಾ ತಲೆಗೆ ಪೆಟ್ಟಾಗಿ ಮಾತು, ನೆನಪು ಕಳೆದುಕೊಂಡವರನ್ನು ಮತ್ತೆ ದಾರಿಗೆ ತರುವ ಕೆಲಸ ಇದು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಓದುಬಲ್ಲವರಿಗಾಗಿ ಮಾಡಿದ ನೆನಪಿನ ಪರೀಕ್ಷೆ ಕೊಟ್ಟರೆ ಇಲ್ಲದ ಮರೆವಿನ ಕಾಯಿಲೆ ಇದೆಯೆಂದು ಕಾಣಬಹುದು. ಅದಕ್ಕಾಗಿಯೇ ನಮ್ಮ ಜನರ ವಯಸ್ಸು, ವಿದ್ಯಾಭ್ಯಾಸಗಳಿಗೆ ತಕ್ಕ ಮಾನದಂಡಗಳುಳ್ಳ ಪರೀಕ್ಷಾಮಾಲೆಯನ್ನು ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿತು. ಒಂದು ಎಚ್ಚರಿಕೆ: ಅರಿವಿನ ವಿಜ್ಞಾನದ ಎಂ.ಎಸ್ಸಿ. ಒಂದರಿಂದಲೇ ಚಿಕಿತ್ಸೆ ನೀಡುವ ಅಧಿಕಾರ ಬರುವುದಿಲ್ಲ. ಚಿಕಿತ್ಸಾ ಮನಶ್ಶಾಸ್ತ್ರಕ್ಕೂ ವಾಕ್ ಚಿಕಿತ್ಸೆಗೂ ಪ್ರತ್ಯೇಕವಾದ ಮಾನ್ಯತೆ ಪಡೆದ ತರಬೇತಿ ಮತ್ತು ನೋಂದಣಿ ಬೇಕು.

ಮೂರನೆಯದು ಯಂತ್ರ ಮತ್ತು ಮನುಷ್ಯರ ನಡುವಿನ ಕೆಲಸ. ಬ್ಯಾಂಕಿನ ಎಟಿಎಂ ಮೊದಲು ಹಣ ಕೊಟ್ಟು ಆಮೇಲೆ ಕಾರ್ಡು ಕೊಟ್ಟರೆ ಜನ ಕಾರ್ಡನ್ನು ಮರೆತುಬಿಡುತ್ತಾರೆ; ಬಂದ ಕೆಲಸ ಮುಗಿಯಿತೆಂದು ಮನಸ್ಸು ಹೊರಟುಬಿಡುತ್ತದೆ. ಮೊದಲು ಕಾರ್ಡು, ಆಮೇಲೆ ಹಣ ಎಂದು ಕ್ರಮ ಬದಲಿಸಿದರೆ ಆ ಮರೆವು ಕಡಿಮೆಯಾಗುತ್ತದೆ. ಮೊಬೈಲ್ ಫೋನು, ವಾಹನ, ವಿಮಾನದ ಚಾಲಕ ಕೋಣೆ, ಆಸ್ಪತ್ರೆಯ ಉಪಕರಣ ಎಲ್ಲದರಲ್ಲೂ ಇಂಥ ವಿಚಾರ ಮಾಡುವವರು ಬೇಕು. ಕಂಪನಿಗಳಲ್ಲಿ ಇವರನ್ನು ಬಳಕೆದಾರ ಅನುಭವದ ಸಂಶೋಧಕರು ಎನ್ನುತ್ತಾರೆ.

ನಾಲ್ಕನೆಯದು ಕೃತಕ ಬುದ್ಧಿಮತ್ತೆ. 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಜೆಫ್ರಿ ಹಿಂಟನ್ ಮೊದಲ ಪದವಿ ಪಡೆದದ್ದು ಪ್ರಾಯೋಗಿಕ ಮನಶ್ಶಾಸ್ತ್ರದಲ್ಲಿ. ಅವರ ಪಿಎಚ್.ಡಿ. ಮಾರ್ಗದರ್ಶಕರು ಈ ವಿಜ್ಞಾನಕ್ಕೆ ಹೆಸರಿಟ್ಟ ಲಾಂಗೆಟ್-ಹಿಗಿನ್ಸ್. ಹಾಗೆಯೇ ಮನುಷ್ಯರು ನಿರ್ಧಾರ ಮಾಡುವ ಬಗೆಯನ್ನು ಅಧ್ಯಯನ ಮಾಡಿದ ಹರ್ಬರ್ಟ್ ಸೈಮನ್ 1978ರಲ್ಲಿ, ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಕನ್ನಡದ ಮಾತನ್ನು ಯಂತ್ರಕ್ಕೆ ತಿಳಿಸುವ ಕೆಲಸದಲ್ಲೂ ಭಾಷೆಯ ಒಳಗನ್ನು ಬಲ್ಲವರ ಅಗತ್ಯವಿದೆ.

ಐದನೆಯದು ಶಿಕ್ಷಣ: ಪಠ್ಯಪುಸ್ತಕ ರಚನೆ, ಕಲಿಕೆಯ ಮೌಲ್ಯಮಾಪನ, ಓದಿನ ತೊಡಕಿರುವ ಮಕ್ಕಳಿಗೆ ನೆರವು. ಸಂಬಳ ಇಲ್ಲಿ ಉಳಿದವುಗಳಷ್ಟು ಇರಲಾರದು. ಆದರೆ ನಾವು ಆರಂಭದಲ್ಲಿ ನೋಡಿದ ಹುಡುಗ ಕಾದು ಕುಳಿತಿರುವುದು ಈ ಕವಲಿನಲ್ಲೇ.

ಈಗಲೇ ಏನು ಮಾಡಬಹುದು?

ಪದವಿಗಾಗಿ ಕಾಯಬೇಕಿಲ್ಲ. ಕೆಂಪು, ಹಸಿರು, ನೀಲಿ ಎಂಬ ಪದಗಳನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ‘ಕೆಂಪು’ ಎಂಬ ಪದ ಹಸಿರು ಶಾಯಿಯಲ್ಲಿರಲಿ. ಪದವನ್ನು ಓದದೆ ಶಾಯಿಯ ಬಣ್ಣವನ್ನಷ್ಟೇ ಹೇಳಲು ಗೆಳೆಯರಿಗೆ ತಿಳಿಸಿ, ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳಿ. ಇದು 1935ರಲ್ಲಿ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಪ್ರಯೋಗದ ಮಾದರಿ. ಅದೇ ಆಟವನ್ನು ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಮಾಡಿಸಿ. ಯಾವುದರಲ್ಲಿ ಹೆಚ್ಚು ತಡವಾಯಿತು? ಒಂದನೆಯ ತರಗತಿಯ ತಮ್ಮನಿಗೂ ಕಾಲೇಜಿನ ಅಕ್ಕನಿಗೂ ವ್ಯತ್ಯಾಸವಿದೆಯೇ? ಏಕೆ? ಉತ್ತರ ಊಹಿಸಿ, ಊಹೆ ತಪ್ಪೆಂದು ತೋರಿಸಬಲ್ಲ ಇನ್ನೊಂದು ಪ್ರಯೋಗ ಯೋಚಿಸಿ. ಅಲ್ಲಿಗೆ ನೀವು ಈ ವಿಜ್ಞಾನದ ಬಾಗಿಲು ದಾಟಿದಿರಿ.

ಮುಂದೆ ನಿಮ್ಮಲ್ಲಿ ಕೆಲವರು ಮಾತ್ರ ಇದನ್ನು ವೃತ್ತಿಯಾಗಿ ಆರಿಸಿಕೊಳ್ಳಬಹುದು. ಉಳಿದವರು ಶಿಕ್ಷಕರಾಗುವಿರಿ, ಅಧಿಕಾರಿಗಳಾಗುವಿರಿ, ತಂದೆತಾಯಿಗಳಾಗುವಿರಿ. ಯಾರೇ ಆಗಿ, ಎದುರಿಗೆ ಒಂದು ಮಗು ತಡವರಿಸಿ ನಿಂತಾಗ ‘ದಡ್ಡ’ ಎಂಬ ಮಾತು ನಾಲಗೆಯ ತುದಿಗೆ ಬರುವ ಮುನ್ನ ಒಂದು ಕ್ಷಣ ತಡೆದು, ‘ಎಲ್ಲಿ ತೊಡಕಾಯಿತು, ಮರಿ?’ ಎಂದು ಕೇಳಿ.